ಹೊಟ್ಟೆ ಬಂತು, ತೊಡೆ ಕರಗಿತು

ಎತ್ತು ಸಾಕಿದವರಿಗೆಲ್ಲ ಗೊತ್ತಿರುವ ಮಾತು. ವರ್ಷಗಟ್ಟಲೆ ಹೊಲಕ್ಕೆ ಒಯ್ಯದೆ ಗ್ವಾದಲಿಯಲ್ಲೇ ಮೇವು, ಹಿಂಡಿ ಹಾಕಿದ ಎತ್ತು ನೋಡಲು ದುಂಡಗಿರುತ್ತದೆ. ನೊಗ ಇಟ್ಟರೆ ನಾಲ್ಕು ಸಾಲಿಗೇ ಏದುಸಿರು. ನನ್ನ ಗತಿಯೂ ಹಾಗೇ ಆಗಿತ್ತು.

ಬಾದಾಮಿ ತಾಲೂಕಿನಲ್ಲಿ ನನ್ನದು ಆರೆಕರೆ. ಜೋಳ, ಶೇಂಗಾ, ಕಡಲೆ. ವಯಸ್ಸು 68. ಎತ್ತು ಮಾರಿ ಹನ್ನೆರಡು ವರ್ಷವಾಯಿತು. ಉಳುವುದು, ಬಿತ್ತುವುದು ಬಾಡಿಗೆ ಟ್ರ್ಯಾಕ್ಟರು, ರಾಶಿಗೆ ಮಶೀನು. ಮಗನ ಬೈಕಿನಲ್ಲಿ ಹೋಗಿ ಬದುವಿನ ಮೇಲೆ ಕೂತು ಬರುವುದಷ್ಟೇ ನನ್ನ ಕೆಲಸ. ತೂಕ ಮಾತ್ರ ಎತ್ತು ಇದ್ದಾಗಿನಷ್ಟೇ, 66 ಕಿಲೋ. 'ನಾ ಏನೂ ಬದಲಾಗಿಲ್ಲ' ಎಂದು ಮೀಸೆ ತಿರುವುತ್ತಿದ್ದೆ.

ಹೋದ ವರ್ಷ ಬನಶಂಕರಿ ಜಾತ್ರೆಯಲ್ಲಿ ನೆಲಕ್ಕೆ ಕೂತು ಬುತ್ತಿ ಉಂಡೆವು. ಎಲ್ಲರೂ ಎದ್ದರು, ನನಗೆ ಏಳಲಾಗಲಿಲ್ಲ. ಮೊಮ್ಮಗ ರಟ್ಟೆ ಹಿಡಿದು ಎಬ್ಬಿಸಿದ. ಹೊಟ್ಟೆಯೇ ಕಾರಣ ಎಂದುಕೊಂಡು ರಾತ್ರಿ ಊಟ ಬಿಟ್ಟೆ. ಮೂರು ತಿಂಗಳಲ್ಲಿ 4 ಕಿಲೋ ಇಳಿಯಿತು. ಖುಷಿಪಡುವಷ್ಟರಲ್ಲಿ ಬಚ್ಚಲಲ್ಲಿ ಜೋಲಿ ಹೋಗಿ ಬಿದ್ದೆ.

ಡಾಕ್ಟರು ಟೇಪು ಹಿಡಿದರು. ಸೊಂಟ 98 ಸೆಂ.ಮೀ., ಮೀನಖಂಡ 32. ನಮ್ಮಲ್ಲಿ ಗಂಡಸರ ಸೊಂಟ 90, ಹೆಂಗಸರದು 80 ದಾಟಬಾರದಂತೆ. ಮೀನಖಂಡ ಗಂಡಸರಿಗೆ 34, ಹೆಂಗಸರಿಗೆ 33ಕ್ಕಿಂತ ಕಡಿಮೆಯಾದರೆ ಸಂಶಯ ಪಡಬೇಕಂತೆ. "ಅಜ್ಜಾರ, ಖಂಡ ಹೋಗೇತಿ, ಆ ಜಾಗಾಕ್ಕ ಬೊಜ್ಜು ಬಂದೇತಿ. ತಕ್ಕಡಿಗೆ ಎರಡೂ ಒಂದ" ಎಂದರು.

ಏನಿದು?

ಪ್ರಾಯ ಇಳಿದಂತೆ ಖಂಡ ಸವೆಯುತ್ತದೆ. 60ರ ಮೇಲೆ ಜೋರು. 1989ರಲ್ಲಿ ಅಮೆರಿಕದ ಇರ್ವಿನ್ ರೋಸನ್‌ಬರ್ಗ್ ಇದಕ್ಕೆ 'ಸಾರ್ಕೊಪೀನಿಯಾ' ಎಂದು ಹೆಸರಿಟ್ಟರು. ಜತೆಗೆ ಬೊಜ್ಜೂ ಸೇರಿದರೆ ಕಾಲಿಗೆ ಬಲ ಕಡಿಮೆ, ಹೊರೆ ಹೆಚ್ಚು. ಉಂಡ ಅನ್ನದ ಸಕ್ಕರೆಯನ್ನು ಹೆಚ್ಚಾಗಿ ಬಳಸುವುದು ಖಂಡವೇ. ಅದು ಕರಗಿದರೆ ಸಕ್ಕರೆ ಕಾಯಿಲೆಗೂ ದಾರಿ. ನಾನು ಕೆಲಸವಿಲ್ಲದೆ ಉಪವಾಸ ಬಿದ್ದದ್ದರಿಂದ ಬೊಜ್ಜಿನ ಜತೆ ಇದ್ದಬದ್ದ ಖಂಡವೂ ಕರಗಿತ್ತು.

ಮದ್ದು ಮನೆಯಲ್ಲೇ

ವಯಸ್ಸಾಯಿತೆಂದು ಕೈಚೆಲ್ಲಬೇಕಿಲ್ಲ. 1990ರಲ್ಲಿ ಬಾಸ್ಟನ್ ನಗರದಲ್ಲಿ ತೊಂಬತ್ತರ ಆಸುಪಾಸಿನ ಮುದುಕರಿಂದ ಎಂಟು ವಾರ ಕಾಲಲ್ಲಿ ಭಾರ ಎತ್ತಿಸಿದರು. ತೊಡೆಯ ಬಲ ಎರಡು ಪಟ್ಟಿಗಿಂತ ಹೆಚ್ಚಾಯಿತು!

ನಾನು ದಿನ ಬಿಟ್ಟು ದಿನ ಮಾಡುವುದು ಇಷ್ಟೇ. ಗೋಡೆಗೆ ಆನಿಸಿದ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಕೂರುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಎರಡೂ ಕೈಯಲ್ಲಿ ಅರ್ಧ ತುಂಬಿದ ಕೊಡ ಹಿಡಿದು ಅಂಗಳ ಸುತ್ತುವುದು. ಮೂರೂ ಮೂರು ಸರತಿ. ಸಲೀಸಾದಂತೆ ನೀರು ಹೆಚ್ಚಿಸುವುದು. ಹೊಲಕ್ಕೆ ದಿನಾ ನಡೆದೇ ಹೋಗುತ್ತೇನೆ. ಆದರೆ ಬರೀ ನಡಿಗೆ ಸಾಲದು, ಖಂಡಕ್ಕೆ ಭಾರ ಬೇಕು.

ಊಟದಲ್ಲಿ ಪ್ರೋಟೀನು ಬೇಕು. ವಯಸ್ಸಾದವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ. ನನ್ನ ಲೆಕ್ಕ ನೋಡಿ: 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ ಸುಮಾರು 30 ಗ್ರಾಂ, 60 ಗ್ರಾಂ ಹೆಸರು ಇಲ್ಲವೇ ಹುರುಳಿಯಿಂದ 13, ಎರಡು ಲೋಟ ಹಾಲು-ಮೊಸರಿನಿಂದ 13, ಒಂದು ಹಿಡಿ ಶೇಂಗಾದಿಂದ 7. ಒಟ್ಟು 63. ನನ್ನ 62 ಕಿಲೋಗೆ ಸಾಕು. ಶೇಂಗಾದಲ್ಲಿ ಎಣ್ಣೆ ಜಾಸ್ತಿ, ಹಿಡಿ ದಾಟಬೇಡಿ. ಬಿಟ್ಟದ್ದು ಚಹಾದ ಸಕ್ಕರೆ, ಸಂಜೆಯ ಮಿರ್ಚಿ-ಭಜಿ. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಕಾಳು ಹೆಚ್ಚಿಸಿ. ಎದೆನೋವು ಇದ್ದವರು ಭಾರ ಎತ್ತುವ ಮೊದಲೇ ಕೇಳಿ.

ಎಂಟು ತಿಂಗಳಾಯಿತು. ತೂಕ ಈಗಲೂ 62, ಸೊಂಟ 93. ಈ ಸಲದ ಜಾತ್ರೆಯಲ್ಲಿ ಒಂದು ಕೈ ಊರಿ ನಾನೇ ಎದ್ದೆ.

ನೀವೂ ಪರೀಕ್ಷಿಸಿ. ಎದೆಗೆ ಕೈ ಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರಿ, ಪಕ್ಕದಲ್ಲಿ ಒಬ್ಬರಿರಲಿ. 12 ಸೆಕೆಂಡಿನೊಳಗೆ ಮುಗಿಯಬೇಕು. ನನಗೆ ಮೊದಲು 19 ಹಿಡಿದಿತ್ತು, ಈಗ 11.