ಹೊಗೆಯ ಸುಳಿಗೆ ಲೆಕ್ಕ

2010ರ ಫೆಬ್ರವರಿ 23. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿತ್ತು. ಹೊಗೆ ತಾಳಲಾರದೆ ಮಹಡಿಯಿಂದ ಹಾರಿದವರೂ ಸೇರಿ 9 ಜನ ತೀರಿಕೊಂಡರು.

ಹೊಗೆ ಎತ್ತ, ಎಷ್ಟು ಬೇಗ ಹಬ್ಬುತ್ತದೆ ಅಂತ ಕಂಪ್ಯೂಟರ್ ಮೊದಲೇ ಹೇಳಬಲ್ಲದೆ? ಬಹುಮಟ್ಟಿಗೆ, ಹೌದು. ಕಷ್ಟವೆಲ್ಲ ಸುಳಿಗಳದ್ದು. ಮೇಲೇಳುವ ಬಿಸಿಗಾಳಿ ಸುತ್ತಲಿನ ತಣ್ಣನೆ ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಸುಳಿಗಳೇಳುತ್ತವೆ. ಮೀಟರ್ ಅಗಲದ ಸುಳಿ ಒಡೆದು ಒಡೆದು ಮಿಲಿಮೀಟರಿಗೆ ಇಳಿಯುತ್ತದೆ. ಇಡೀ ಕಟ್ಟಡದಲ್ಲಿ ಅಷ್ಟನ್ನೂ ಲೆಕ್ಕ ಹಾಕುವುದು ಆಗದ ಮಾತು.

ಅದಕ್ಕೇ ಅಮೆರಿಕದ ನಿಸ್ಟ್ ಸಂಸ್ಥೆ 2000ದಲ್ಲಿ ಹೊರತಂದ ಎಫ್‌ಡಿಎಸ್ ತಂತ್ರಾಂಶ ಕಟ್ಟಡದೊಳಗಿನ ಜಾಗವನ್ನು ಪುಟ್ಟ ಪುಟ್ಟ ಕೋಶಗಳಾಗಿ ಹಂಚುತ್ತದೆ. ದೊಡ್ಡ ಸುಳಿಗಳಿಗೆ ನೇರ ಲೆಕ್ಕ. ಕೋಶಕ್ಕಿಂತ ಸಣ್ಣವುಗಳ ಪರಿಣಾಮಕ್ಕೆ ಸೂತ್ರದ ಅಂದಾಜು. 1 ಮೆಗಾವಾಟ್ ಬೆಂಕಿಗೆ ಸುಮಾರು 10 ಸೆಂಟಿಮೀಟರ್ ಕೋಶ ಬೇಕು. ಸಮಯ ಉಳಿಸಲು ಕೋಶ ಹಿಗ್ಗಿಸಿದರೆ ಹೊಗೆಯ ಲೆಕ್ಕವನ್ನು ನಂಬುವಂತಿಲ್ಲ.

ನಿಮ್ಮ ಕಟ್ಟಡದ ಹೊಗೆ ಲೆಕ್ಕದ ವರದಿ ನೋಡುವಾಗ ಕೋಶದ ಅಳತೆ ಕೇಳಿ.