ನಡುಗುವ ಕೈ ಮತ್ತು ಮೂಕಜೀವಿಗಳ ಋಣ

ಸಾವನದುರ್ಗದ ತಪ್ಪಲಿನ ರೈತರಿಗೆ ಕೋತಿಯ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಎಳನೀರು, ಹೊಲದ ಅವರೆ, ಹಿತ್ತಲಿನ ಸೀಬೆ, ಯಾವುದನ್ನೂ ಅದು ಬಿಡುವುದಿಲ್ಲ. ಅಂಥ ಕೋತಿಯ ನಿಮಿತ್ತ ಧರ್ಮಸಂಕಟದ ಪ್ರಶ್ನೆಯೊಂದು ನಮ್ಮ ಮುಂದೆ ಬಂದೀತೆಂದು ನಾವು ಎಣಿಸಿರಲಿಲ್ಲ.

ಮಾಗಡಿ ಕಡೆಯ ಹಿರಿಯ ಕೃಷಿಕರೊಬ್ಬರು ಕೆಲವು ವರ್ಷಗಳಿಂದ ಪಾರ್ಕಿನ್ಸನ್ ರೋಗದಿಂದ ಬಳಲುತ್ತಿದ್ದಾರೆ. ಪರಮಪ್ರಸಾದಕ್ಕೆ ಬಂದಾಗ ಅವರ ಕೈ ನಡುಗುವುದರಿಂದ ನಾವು ನಾಲಗೆಯ ಮೇಲೆಯೇ ಇಡುತ್ತೇವೆ. ಮಾತ್ರೆಯ ಫಲ ಈಗೀಗ ಬೇಗ ಇಳಿದುಹೋಗುತ್ತಿದೆ. ಮೆದುಳಿನೊಳಗೆ ಸೂಕ್ಷ್ಮ ತಂತಿಯನ್ನಿರಿಸಿ ವಿದ್ಯುತ್ತನ್ನು ಹರಿಸುವ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಸೂಚಿಸಿದ್ದಾರೆ. ಈ ವಿದ್ಯೆಯನ್ನು ಕೋತಿಗಳಿಂದ ಕಲಿತರೆಂದು ವಿಜ್ಞಾನ ಓದುತ್ತಿರುವ ಮೊಮ್ಮಗಳು ಹೇಳಿದಂದಿನಿಂದ ಅಜ್ಜ ಹಿಂಜರಿದಿದ್ದಾರೆ. “ಸ್ವಾಮಿ, ಮೂಕಪ್ರಾಣಿಗೆ ಹಿಂಸೆ ಕೊಟ್ಟು ಪಡೆದ ಸುಖ ನನಗೆ ದಕ್ಕೀತೇ?” ಎಂದು ಕೇಳಿದರು.

ಮೊಮ್ಮಗಳ ಮಾತು ಬಹುಮಟ್ಟಿಗೆ ನಿಜ. ಮೆದುಳಿನ ತಳಭಾಗದಲ್ಲಿ ಡೋಪಮಿನ್ ಎಂಬ ರಸವನ್ನು ಒದಗಿಸುವ ಕಪ್ಪು ಬಣ್ಣದ ಜೀವಕೋಶಗಳಿವೆ. ಅವು ನಶಿಸಿದಂತೆ ಈ ರೋಗ ಬಲಿಯುತ್ತದೆ. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಲಬೆರಕೆ ಮಾದಕದ್ರವ್ಯವನ್ನು ಚುಚ್ಚಿಕೊಂಡ ಕೆಲವು ಯುವಜನರು ದಿನಗಳೊಳಗೇ ವೃದ್ಧ ರೋಗಿಗಳಂತೆ ಮರಗಟ್ಟಿಹೋದರು. ಅದರಲ್ಲಿದ್ದ ಎಂಪಿಟಿಪಿ ಎಂಬ ವಿಷ ಆ ಜೀವಕೋಶಗಳನ್ನೇ ಕೊಂದಿತ್ತು. ಪ್ರಯೋಗಾಲಯದ ಹೆಗ್ಗಣಗಳಿಗೆ ಆ ವಿಷ ಅಷ್ಟಾಗಿ ನಾಟಲಿಲ್ಲ, ಕೋತಿಗೆ ನಾಟಿತು. 1983ರಲ್ಲಿ ಅಲ್ಲಿನ ವಿಜ್ಞಾನಿಗಳು ಕೋತಿಗಳಲ್ಲಿ ಈ ರೋಗದ ಪಡಿಯಚ್ಚನ್ನೇ ಕಂಡರು. 1990ರಲ್ಲಿ ಡಾ. ಮಹ್ಲಾನ್ ಡೆಲಾಂಗ್ ಮತ್ತು ಸಂಗಡಿಗರು ಅಂತಹ ಕೋತಿಗಳ ಮೆದುಳಿನ ಒಂದು ಸಣ್ಣ ಗಂಟನ್ನು ನಿಷ್ಕ್ರಿಯಗೊಳಿಸಿದಾಗ ಮರಗಟ್ಟಿದ್ದ ಅಂಗಗಳು ಮತ್ತೆ ಚಲಿಸಿದವು. ಫ್ರಾನ್ಸಿನ ಡಾ. ಬೆನಬಿದ್ ಅವರು 1987ರಿಂದಲೇ ಮೆದುಳಿನ ಬೇರೊಂದು ಭಾಗಕ್ಕೆ ವಿದ್ಯುತ್ ಕೊಟ್ಟು ನಡುಕವನ್ನು ನಿಲ್ಲಿಸುತ್ತಿದ್ದರು. 1993ರಲ್ಲಿ ಅವರು ಅದೇ ತಂತಿಯನ್ನು ಕೋತಿಗಳು ತೋರಿಸಿಕೊಟ್ಟ ಆ ಗಂಟಿಗೆ ಇಳಿಸಿದರು. ನಮ್ಮ ಅಜ್ಜನಿಗೆ ಸೂಚಿಸಿರುವುದೂ ಅದೇ ಚಿಕಿತ್ಸೆ.

ಇಲಿ ಸಾಲದೇ ಎಂದರೆ, ಸಾಲದು. ಬೆರಳುಗಳಿಂದ ಕಡಲೆಕಾಯಿ ಸುಲಿಯುವ ಜೀವಿಯಲ್ಲಿ ಮಾತ್ರ ಬೆರಳ ಸೂಕ್ಷ್ಮ ಚಲನೆ ಕುಂದಿದ್ದನ್ನೂ ಮರಳಿದ್ದನ್ನೂ ನೋಡಬಹುದು. ಮನುಷ್ಯನಿಗೆ ಬಳಸುವ ತಂತಿ ಹಿಡಿಸುವಷ್ಟು ಮೆದುಳೂ ಬೇಕು. ಡೆನ್ಮಾರ್ಕಿನಲ್ಲಿ ಈ ಕಾರಣಕ್ಕೆ ಕಿರುತಳಿಯ ಹಂದಿಗಳನ್ನೂ ಬಳಸುತ್ತಾರೆ.

ಆದರೆ ಕೋತಿ ಹೇಳಿದ್ದೆಲ್ಲ ಮನುಷ್ಯನಲ್ಲಿ ನಿಜವಾಗುವುದಿಲ್ಲ. ಜಿಡಿಎನ್ಎಫ್ ಎಂಬ ಪೋಷಕದ್ರವ್ಯ ಕೋತಿಗಳನ್ನು ಚೇತರಿಸಿತು. ರೋಗಿಗಳಲ್ಲಿ ನಿರೀಕ್ಷಿತ ಗುಣ ಕಾಣದೆ ಪ್ರಯೋಗವನ್ನು 2004ರಲ್ಲಿ ನಿಲ್ಲಿಸಲಾಯಿತು. ವಿಷದಿಂದ ದಿನಗಳಲ್ಲಿ ಬರಿಸಿದ ಕಾಯಿಲೆ, ದಶಕಗಳಲ್ಲಿ ಬೆಳೆಯುವ ಕಾಯಿಲೆಯ ನೆರಳಷ್ಟೇ.

ಹಿಂಸೆಯನ್ನು ಮರೆಮಾಚುವುದೂ ಸರಿಯಲ್ಲ. ವಿಷವುಂಡ ಕೋತಿ ತಾನಾಗಿ ತಿನ್ನಲಾರದೆ ಕೂತಾಗ ಮನುಷ್ಯರೇ ಅದಕ್ಕೆ ಉಣಿಸಬೇಕಾಗುತ್ತದೆ. ಪ್ರಾಣಿ ಬರಿಯ ಯಂತ್ರವೆಂಬ ಡೆಕಾರ್ಟನ ವಾದವನ್ನು ಗುರುಮಠದಲ್ಲಿ ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಕೋತಿ ಮರಿಯನ್ನು ತಬ್ಬಿಕೊಳ್ಳುವುದನ್ನು ಕಂಡ ಹಳ್ಳಿಗನು ಅದನ್ನು ಒಂದು ದಿನವೂ ನಂಬಲಾರನು. ಧರ್ಮಸಭೆಯೂ ಆ ವಾದವನ್ನು ಹಿಡಿದಿಲ್ಲ. ಮನುಷ್ಯರ ಜೀವ ಉಳಿಸಲು, ಆರೈಕೆ ಮಾಡಲು ನೆರವಾಗುವ ಪ್ರಾಣಿಪ್ರಯೋಗವು ಮಿತಿಯೊಳಗಿದ್ದರೆ ಒಪ್ಪತಕ್ಕದ್ದೆಂದೂ, ಅನಗತ್ಯವಾಗಿ ಪ್ರಾಣಿಯನ್ನು ನೋಯಿಸುವುದು ಮನುಷ್ಯನ ಘನತೆಗೇ ಕುಂದೆಂದೂ ನಮ್ಮ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಇದನ್ನೇ ನೆನಪಿಸಿದರು. 1978ರವರೆಗೆ ಉತ್ತರ ಭಾರತದ ಕೋತಿಗಳನ್ನು ವಿದೇಶದ ಪ್ರಯೋಗಾಲಯಗಳಿಗೆ ಹಡಗು, ವಿಮಾನಗಳಲ್ಲಿ ತುಂಬಿ ಕಳುಹಿಸುತ್ತಿದ್ದ ನಮ್ಮ ದೇಶ, ಆ ವರ್ಷ ಅದನ್ನು ನಿಷೇಧಿಸಿತು. ಕೋತಿಯಂಥ ದೊಡ್ಡ ಪ್ರಾಣಿಯ ಮೇಲೆ ಪ್ರಯೋಗ ನಡೆಸಲು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ರಚಿತವಾದ ಕೇಂದ್ರ ಸಮಿತಿಯ ಅನುಮತಿ ಬೇಕು.

ಇನ್ನೊಂದು ಅಂಶವನ್ನು ಕಥೋಲಿಕರು ತಿಳಿದಿರಬೇಕು. ನಶಿಸಿದ ಜೀವಕೋಶಗಳ ಜಾಗದಲ್ಲಿ ಹೊಸವನ್ನು ನೆಡುವ ಯತ್ನದಲ್ಲಿ ಕೆಲವರು ಮಾನವ ಭ್ರೂಣದಿಂದ ಪಡೆದ ಆಕರಕೋಶಗಳನ್ನು ಬಳಸುತ್ತಾರೆ. ಧರ್ಮಸಭೆ ಇದನ್ನು ಒಪ್ಪುವುದಿಲ್ಲ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದವರು ದಾನಿಯೊಬ್ಬರ ಕೋಶಗಳನ್ನೇ ಆಕರಸ್ಥಿತಿಗೆ ಮರಳಿಸಿ ಬೆಳೆಸಿದರು. ಅವು ಕೋತಿಗಳ ಮೆದುಳಿನಲ್ಲಿ ಎರಡು ವರ್ಷ ಕೆಟ್ಟ ಗೆಡ್ಡೆಯಾಗದೆ ಬಾಳಿದವೆಂದು 2017ರಲ್ಲಿ ಪ್ರಕಟಿಸಿದ ಮೇಲೆಯೇ, 2018ರಲ್ಲಿ ಮನುಷ್ಯರತ್ತ ತಿರುಗಿದರು. ಏಳು ರೋಗಿಗಳ ಫಲಿತಾಂಶ 2025ರಲ್ಲಿ ಬಂತು: ಗಂಭೀರ ಅಪಾಯವಿಲ್ಲ, ಕೆಲವರಿಗೆ ಚೇತರಿಕೆ. ಭ್ರೂಣವನ್ನು ಉಳಿಸುವ ದಾರಿಯೂ ಕೋತಿಯ ಮೂಲಕವೇ ಹಾದುಬಂದಿದೆ.

ಅಜ್ಜನಿಗೆ ನಾವು, ಚಿಕಿತ್ಸೆ ಪಾಪವಲ್ಲ, ಋಣವಂತೂ ಇದೆ ಎಂದೆವು. 1986ರಲ್ಲಿ ಮಂಗಳೂರಿಗೆ ಬಂದಿದ್ದ ಎರಡನೆಯ ಜಾನ್ ಪೌಲ್ ಜಗದ್ಗುರುಗಳನ್ನೂ ಕೊನೆಯ ವರ್ಷಗಳಲ್ಲಿ ಇದೇ ರೋಗ ಕಾಡಿತ್ತೆಂದು ನೆನಪಿಸಿದೆವು. ಬೆಂಗಳೂರಿನ ನಿಮ್ಹಾನ್ಸ್ ವಿಷಯವೂ ಬಂತು. ಅಲ್ಲಿ ಡಾ. ಎಸ್. ಕೆ. ಶಂಕರ್ ಅವರು 1995ರಲ್ಲಿ ಮಾನವ ಮೆದುಳಿನ ಬ್ಯಾಂಕನ್ನು ಆರಂಭಿಸಿದರು. ರೋಗವಿಲ್ಲದ ಭಾರತೀಯರ ಮೆದುಳಿನಲ್ಲಿ ಆ ಕಪ್ಪು ಜೀವಕೋಶಗಳು ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಮುಪ್ಪಿನಿಂದ ಅಷ್ಟಾಗಿ ಕುಂದುವುದಿಲ್ಲವೆಂದು 1998ರಲ್ಲಿ ನಿಮ್ಹಾನ್ಸ್ ವೈದ್ಯರು ಪ್ರಕಟಿಸಿದರು. ಇದನ್ನು ಯಾವ ಕೋತಿಯೂ ಹೇಳಲಾರದು.

ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಹಾಗಾದರೆ ನಾನು ಸತ್ತ ಮೇಲೆ ನನ್ನದನ್ನು ತೆಗೆದುಕೊಂಡಾರೇ?” ಎಂದರು. ಮನೆಯವರ ಒಪ್ಪಿಗೆ ಬೇಕು ಎಂದೆವು. ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಹಿರಿಯ ಮಗನನ್ನು ಕರೆತರುವುದಾಗಿ ಹೇಳಿ, ಮೊಮ್ಮಗಳ ತೋಳು ಹಿಡಿದು ಮೆಟ್ಟಿಲಿಳಿದರು.