ಹಲಸೂರು ಕೆರೆಗೆ ಎಷ್ಟುದ್ದದ ಫಿನ್?

ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರ ಹಾಯಿದೋಣಿಗಳನ್ನು ನಮ್ಮಲ್ಲಿ ಹಲವರು ನೋಡಿರ್ತೀವಿ. ಅದೇ ನೀರಿಗೆ ಒಂದು ವಿಂಡ್‌ಸರ್ಫಿಂಗ್ ಬೋರ್ಡ್ ಇಳಿಸೋದಾದರೆ ಅದರ ಹಿಂಬದಿಯ ಅಡಿಯಲ್ಲಿ ಕೂರಿಸೋ ಫಿನ್ ಎಷ್ಟುದ್ದ ಇರಬೇಕು? ಕೆರೆಗೆ ಇಳಿಯೋಕೆ ಅನುಮತಿ ಬೇಕು, ಲೆಕ್ಕ ಹಾಕೋಕೆ ಬೇಡ. ಹಾಗಾಗಿ ಲೆಕ್ಕ ಹಾಕಿ ನೋಡೋಣ.

ಫಿನ್ ಮಾಡೋ ಕೆಲಸ ಏನು?

ಗಾಳಿ ಹಾಯಿಯನ್ನು ಮುಂದಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತೆ. ಬೋರ್ಡ್ ಪಕ್ಕಕ್ಕೆ ಜಾರದ ಹಾಗೆ ಹಿಡಿಯೋದು ಫಿನ್. ವಿಮಾನದ ರೆಕ್ಕೆಯೊಂದನ್ನು ನೀರಲ್ಲಿ ನೆಟ್ಟಗೆ ನಿಲ್ಲಿಸಿದಂತೆ ಅಂದ್ಕೊಳ್ಳಿ. ಸೂತ್ರವೂ ಅದೇ: ಲಿಫ್ಟ್ = ಅರ್ಧ × ನೀರಿನ ಸಾಂದ್ರತೆ × ವೇಗದ ವರ್ಗ × ವಿಸ್ತೀರ್ಣ × ಲಿಫ್ಟ್ ಗುಣಾಂಕ.

ವಿಸ್ತೀರ್ಣ 0.03 ಚದರ ಮೀಟರ್, ಗುಣಾಂಕ 0.35 ಅಂತ ಇಟ್ಕೊಳ್ಳಿ. ವೇಗ ಸೆಕೆಂಡಿಗೆ 8 ಮೀಟರ್ ಇದ್ದರೆ 336 ನ್ಯೂಟನ್ ಸಿಗುತ್ತೆ. 4 ಮೀಟರ್‌ಗೆ ಇಳಿದರೆ ಬರೀ 84. ಅಂದರೆ ಗಾಳಿ ಕಡಿಮೆ ಇದ್ದಾಗ ದೊಡ್ಡ ಹಾಯಿ, ಕಡಿಮೆ ವೇಗ, ಆದ್ದರಿಂದ ದೊಡ್ಡ ಫಿನ್. ಗಾಳಿ ಜೋರಿದ್ದಾಗ ಚಿಕ್ಕ ಹಾಯಿ, ಹೆಚ್ಚು ವೇಗ, ಚಿಕ್ಕ ಫಿನ್.

ಅಂದಾಜಿನ ನಿಯಮ: ಹಾಯಿಯ ಚದರ ಮೀಟರನ್ನು 5ರಿಂದ 6ರಿಂದ ಗುಣಿಸಿ, ಫಿನ್ನಿನ ಉದ್ದ ಸೆಂಟಿಮೀಟರಲ್ಲಿ ಬರುತ್ತೆ. 7 ಚದರ ಮೀಟರ್ ಹಾಯಿಗೆ 35ರಿಂದ 42. ಭಾರದ ಆಳು, ಅಗಲದ ಬೋರ್ಡ್ ಆದರೆ ಮೇಲಿನ ತುದಿ. ಹಗುರದ ಆಳು, ಕಿರಿದಾದ ಬೋರ್ಡ್ ಆದರೆ ಕೆಳಗಿನ ತುದಿ.

ತೀರಾ ಚಿಕ್ಕದಾದರೆ ಫಿನ್ ಹಿಡಿತ ಬಿಟ್ಟು ಬೋರ್ಡಿನ ಹಿಂಭಾಗ ಸರ್ರನೆ ಪಕ್ಕಕ್ಕೆ ಜಾರುತ್ತೆ. ಇದಕ್ಕೆ ಸ್ಪಿನ್‌ಔಟ್ ಅಂತಾರೆ. ತೀರಾ ದೊಡ್ಡದಾದರೆ ವೇಗದಲ್ಲಿ ಬೋರ್ಡಿನ ಒಂದು ಅಂಚು ಮೇಲೆದ್ದು ಹತೋಟಿ ತಪ್ಪುತ್ತೆ.

ಬೆಂಗಳೂರಿನ ತಿದ್ದುಪಡಿ

ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ. 8–9 ಕಡಿಮೆ. ಗಾಳಿಯ ವೇಗ ಒಂದೇ ಇದ್ದರೂ ಹಲಸೂರಲ್ಲಿ 7 ಚದರ ಮೀಟರ್ ಹಾಯಿ ಕೊಡೋ ತಳ್ಳುವಿಕೆ ಮಲ್ಪೆಯಲ್ಲಿ 6.4ರ ಹಾಯಿ ಕೊಟ್ಟಷ್ಟೇ. ನೀರಿನ ಸಾಂದ್ರತೆ ಮಾತ್ರ ಎತ್ತರಕ್ಕೆ ಬದಲಾಗಲ್ಲ. ಫಿನ್ ಉತ್ತರ ಕೊಡಬೇಕಿರೋದು ಬಲಕ್ಕೆ, ಬಟ್ಟೆಯ ಅಳತೆಗಲ್ಲ. ಹಾಗಾಗಿ 6.4 ಅಂತಲೇ ಲೆಕ್ಕ ಹಾಕಬೇಕು: 32ರಿಂದ 38 ಸೆಂಟಿಮೀಟರ್.

ಇದಕ್ಕಿಂತ ದೊಡ್ಡ ತೊಂದರೆ ಕೆರೆಯ ಕಳೆ. ನೆಟ್ಟಗಿನ ಫಿನ್ನಿಗೆ ಕಳೆ ಸುತ್ತಿಕೊಂಡರೆ ನೀರಿನ ಹರಿವು ಕೆಟ್ಟು ಹಿಡಿತ ಹೋಗುತ್ತೆ. ಇಂಥ ನೀರಿಗೆಂದೇ ಹಿಂದಕ್ಕೆ ಚೆನ್ನಾಗಿ ವಾಲಿರೋ ವೀಡ್ ಫಿನ್ ಬರುತ್ತೆ. ಕಳೆ ಜಾರಿ ಹೋಗುತ್ತೆ. ಅದರ ಬುಡ ಅಗಲ, ಆಳ ಕಡಿಮೆ. ಆದ್ದರಿಂದ ಇಲ್ಲಿ ಉದ್ದ ಹೋಲಿಸಬೇಡಿ, ವಿಸ್ತೀರ್ಣ ಹೋಲಿಸಿ. 38ರ ನೆಟ್ಟಗಿನ ಫಿನ್ ಮಾಡೋ ಕೆಲಸವನ್ನು ಸುಮಾರು 30ರ ವೀಡ್ ಫಿನ್ ಮಾಡಬಹುದು. ಗಾಳಿಗೆದುರಾಗಿ ಏರೋದರಲ್ಲಿ ಸ್ವಲ್ಪ ಹಿಂದೆ ಬೀಳುತ್ತೆ, ಆದರೆ ದಡದ ಹತ್ತಿರ ನೆಲ ತಾಗೋ ಭಯವೂ ಕಡಿಮೆ.

ನಮ್ಮ ಉತ್ತರ ಇಷ್ಟು: 7ರ ಹಾಯಿಗೆ, ಹಲಸೂರಲ್ಲಿ, 30 ಸೆಂಟಿಮೀಟರ್ ಆಸುಪಾಸಿನ ವೀಡ್ ಫಿನ್. ಕೊಳ್ಳೋ ಮುಂಚೆ ಬೋರ್ಡಿನಲ್ಲಿರೋದು ಟಟಲ್ ಬಾಕ್ಸೋ, ಪವರ್ ಬಾಕ್ಸೋ, ಯುಎಸ್ ಬಾಕ್ಸೋ ನೋಡ್ಕೊಳ್ಳಿ. ಒಂದಕ್ಕೆ ಮಾಡಿದ್ದು ಇನ್ನೊಂದರಲ್ಲಿ ಕೂರಲ್ಲ.